ಮನೆ, ಮಗ್ಗ, ಮಳಿಗೆ: ಗೆರೆ ಎಳೆಯುವವರು ಯಾರು?

(ಬಾಗಳಿಯ ಸಭೆಯಲ್ಲಿ ಮಾಡಿದ ಭಾಷಣ)



ನಗರದ ನಕ್ಷೆಯ ಮಾತನ್ನು ಬಾಗಳಿಯಲ್ಲಿ ಏಕೆ ಆಡುತ್ತೀರಿ ಎಂದು ತಾವು ಕೇಳಬಹುದು. ನಕ್ಷೆಯ ಗೆರೆ ಈ ಊರನ್ನೂ ಬಿಟ್ಟಿಲ್ಲ, ಆದ್ದರಿಂದ ಆಡುತ್ತೇವೆ. ಚಾಲುಕ್ಯ ತೈಲಪನ ಕಾಲವನ್ನು ಕಂಡ ಕಲ್ಲೇಶ್ವರನ ಗುಡಿ ಇಂದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿ ಕಾಯ್ದೆಯಂತೆ ಇಂಥ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆ ಬೇಕು. ಇದ್ದ ಮನೆಯ ದುರಸ್ತಿಗೂ ಅಪ್ಪಣೆ ಬೇಕು. ಗುಡಿ ಉಳಿಯಲೇಬೇಕು, ಅದು ನಮ್ಮೆಲ್ಲರ ಆಸ್ತಿ. ಆದರೆ ಅದರ ನೆರಳಿನಲ್ಲಿ ಬಾಳುವವನ ಮಾಳಿಗೆ ಸೋರಿದರೆ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂದು ಊರಿಗೆ ಬಂದು ತಿಳಿಸುವುದೂ ಸರ್ಕಾರದ ಕರ್ತವ್ಯವೇ.

ಮನೆಯೂ ದುಡಿಮೆಯೂ ದೂರ ದೂರ ಇರಬೇಕೆಂಬುದು ನಮ್ಮ ಹಳ್ಳಿಗಳ ಪದ್ಧತಿಯಲ್ಲ. ನೇಕಾರನ ಮಗ್ಗ ಮನೆಯೊಳಗೆ, ಕುಂಬಾರನ ತಿಗರಿ ಅಂಗಳದಲ್ಲಿ, ಕಿರಾಣಿಯವನ ಅಂಗಡಿ ಮನೆಯ ಮುಂಭಾಗದಲ್ಲಿ. ಆದರೆ ದೊಡ್ಡ ಕಾರ್ಖಾನೆಗಳು ಎದ್ದ ನಗರಗಳಲ್ಲಿ ಹೊಗೆಯೂ ಹೊಲಸೂ ಕೂಲಿಕಾರನ ಗುಡಿಸಲ ಮೇಲೆ ಬಿದ್ದವು. ವಾಸಕ್ಕೊಂದು, ವ್ಯಾಪಾರಕ್ಕೊಂದು, ಕಾರ್ಖಾನೆಗೊಂದು ಎಂದು ವಲಯ ವಿಂಗಡಿಸುವ ಕ್ರಮ ಬೆಳೆಯಿತು. ನ್ಯೂಯಾರ್ಕ್ ನಗರ 1916ರಲ್ಲಿ ಇಂಥ ಕಟ್ಟಳೆ ಮಾಡಿತು. ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದೇ ವರ್ಷ ಜೇನ್ ಜೇಕಬ್ಸ್ ಎಂಬ ಲೇಖಕಿ ಅಮೆರಿಕದ ನಗರಗಳನ್ನು ಕುರಿತ ತಮ್ಮ ಗ್ರಂಥದಲ್ಲಿ, ಮನೆ, ಅಂಗಡಿ, ಕೆಲಸ ಬೆರೆತ ಬೀದಿಯೇ ಜೀವಂತ ಬೀದಿಯೆಂದು ವಾದಿಸಿದರು. 2007ರಲ್ಲಿ ಅಂಗೀಕಾರವಾದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯೂ ಮಿಶ್ರ ಬಳಕೆಗೆ ಅವಕಾಶ ಕೊಟ್ಟಿತು. ಶಾಂತಿ ಕೆಡುತ್ತದೆಂದು ಅಲ್ಲಿನ ಬಡಾವಣೆಗಳ ನಿವಾಸಿಗಳು ವಿರೋಧಿಸಿದರು.

ನಾವು ಯಾರ ಪಕ್ಷ? ಬೆರಕೆಯನ್ನು ನಾವು ವಿರೋಧಿಸುವುದಿಲ್ಲ. ಹೊಲಿಗೆ ಯಂತ್ರವಿಟ್ಟು ಸಂಸಾರ ಸಾಗಿಸುವ ವಿಧವೆಯನ್ನೂ, ಹತ್ತು ಮನೆ ಕೊಂಡು ಮಳಿಗೆ ಕಟ್ಟುವ ಹಣವಂತನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ವಿರೋಧಿಸುತ್ತೇವೆ. ವಾಸದ ಜಾಗ ವ್ಯಾಪಾರಕ್ಕೆ ತೆರೆದೊಡನೆ ನೆಲದ ಬೆಲೆ ಏರುತ್ತದೆ. ಲಾಭ ಒಡೆಯನಿಗೆ, ಹೊರೆ ಬಾಡಿಗೆಯವನಿಗೆ. ನಮ್ಮ ಸೀಮೆಯಿಂದ ಗುಳೆ ಹೋಗಿ ಆ ಕಟ್ಟಡಗಳಿಗೆ ಕಲ್ಲು ಹೊತ್ತವನಿಗೆ ಅಲ್ಲಿ ತಲೆಯಿಡಲು ಜಾಗವಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ನೆರೆಯವರಿಗೆ ಬಾಧೆಯಿಲ್ಲದ ಮನೆಗಸುಬಿಗೆ ಅಡ್ಡಿ ಬೇಡ. ಹೊಗೆ, ವಿಷ, ಬೆಂಕಿಯ ಭಯವಿರುವ ಉದ್ಯಮ ಬಡವರ ಕೇರಿಗೂ ಬೇಡ, ಸಿರಿವಂತರ ಬಡಾವಣೆಗೂ ಬೇಡ. ಬಳಕೆ ಬದಲಾದಾಗ ಏರಿದ ನೆಲದ ಬೆಲೆಯಲ್ಲಿ ಒಂದು ಪಾಲು ಬಡವರ ವಸತಿಗೆ ಸಲ್ಲಬೇಕು. ನಕ್ಷೆ ಕನ್ನಡದಲ್ಲಿ, ಪಂಚಾಯತಿಯ ಗೋಡೆಯ ಮೇಲೆ ಇರಬೇಕು.

ಯೋಜನೆಯ ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕೆಂದು 1961ರ ಕಾಯ್ದೆಯೇ ಹೇಳುತ್ತದೆ. ಕೇಳುವವರಿಲ್ಲದಿದ್ದರೆ ಆ ಮಾತು ಕಾಗದದಲ್ಲೇ ಉಳಿಯುತ್ತದೆ. ಹೊಸಪೇಟೆ, ಹರಪನಹಳ್ಳಿಗಳ ನಕ್ಷೆಯಾಗಲಿ, ಗುಡಿಯ ಸುತ್ತಣ ಗೆರೆಯಾಗಲಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ. ಒಬ್ಬರು ಕೇಳಿದರೆ ಅರ್ಜಿ. ಊರೇ ಕೇಳಿದರೆ ಹಕ್ಕು.