ಗೃಹಸ್ಥನ ಆರೋಗ್ಯ ಮತ್ತು ನಿಸರ್ಗದ ಅಮಾನತ್ತು: ಇಸ್ಲಾಮಿನ ದೃಷ್ಟಿ



ಅಫಜಲಪುರ ತಾಲೂಕಿನ ಮಣ್ಣೂರವು ಭೀಮಾತೀರದ ಊರು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, 860 ಕಿಲೋಮೀಟರಿನಷ್ಟು ದಾರಿಯನ್ನು ನಡೆದು, ರಾಯಚೂರ ಸೀಮೆಯಲ್ಲಿ ಕೃಷ್ಣೆಯನ್ನು ಕೂಡುವ ಈ ನದಿಯು ತನ್ನ ದಂಡೆಯ ಯಾವ ಮನುಷ್ಯನಿಗೂ ಕುಲವನ್ನು ಕೇಳಿ ನೀರು ಕೊಟ್ಟದ್ದಿಲ್ಲ. ಕೆರೆ ಭಾವಿಗಳ ಕಟ್ಟೆಯ ಮೇಲೆ ಮನುಷ್ಯರು ಭೇದವನ್ನು ಮಾಡಿದ್ದುಂಟು, ಹೊಳೆಯು ಮಾಡಿದ್ದಿಲ್ಲ. ಎಲ್ಲಮ್ಮನ ದರ್ಶನಕ್ಕೆ ಬಂದವನೂ, ಉರುಸಿಗೆ ಹೊರಟವನೂ, ಮಠದ ದಾಸೋಹದಲ್ಲಿ ಉಂಡವನೂ ಇದೇ ನೀರಿನಿಂದ ಬಾಯಾರಿಕೆಯನ್ನು ಕಳೆದುಕೊಂಡವರು. ಆದಕಾರಣ ಮನೆತನದ ಆರೋಗ್ಯ ಹಾಗೂ ನಿಸರ್ಗ ಎಂಬ ವಿಷಯವನ್ನು ಈ ಪ್ರಾಂತದಲ್ಲಿ ವಿಚಾರಿಸುವಾಗ ಹೊಳೆಯಿಂದಲೇ ಆರಂಭಿಸುವದು ಯೋಗ್ಯವು. ಇಸ್ಲಾಮು ಧರ್ಮವು ಈ ವಿಷಯದಲ್ಲಿ ಏನನ್ನು ವಿಧಿಸಿದೆ, ವಿಧಿಸಿದ್ದನ್ನು ಆ ಧರ್ಮದವರು ಎಷ್ಟರ ಮಟ್ಟಿಗೆ ನಡೆಸುತ್ತಿದ್ದಾರೆ, ಎಂಬ ಎರಡು ಮಾತುಗಳನ್ನೂ ಒಟ್ಟಿಗೆ ನೋಡತಕ್ಕದ್ದು. ಬರಿಯ ಹೊಗಳಿಕೆಯಿಂದ ಯಾವ ಧರ್ಮಕ್ಕೂ ಲಾಭವಿಲ್ಲ.

ಕಚೇರಿಯ ಭಾಷೆಯಿಂದ ಹಳ್ಳಿಯ ಮಾತಿಗೆ ಇಳಿದು ಬಂದ ಅರಬ್ಬೀ ಮೂಲದ ಶಬ್ದಗಳಲ್ಲಿ 'ಅಮಾನತ್ತು' ಎಂಬದೊಂದು. ಒಬ್ಬನ ಒಡವೆಯನ್ನು ನಂಬಿಗೆಯ ಮೇಲೆ ಇನ್ನೊಬ್ಬನ ಕೈಯಲ್ಲಿ ಇಟ್ಟರೆ ಅದು ಅಮಾನತ್ತು. ಇಟ್ಟುಕೊಂಡವನು ಅದನ್ನು ಕಾಯಬಹುದು, ಕರಗಿಸುವಂತಿಲ್ಲ. ಕೇಳಿದಾಗ ತಿರುಗಿ ಒಪ್ಪಿಸಬೇಕು. ಕುರಾನಿನಲ್ಲಿ ಈ ಶಬ್ದಕ್ಕೆ ಬಹು ದೊಡ್ಡ ಸ್ಥಾನವಿದೆ. ಅಮಾನತ್ತಿನ ಭಾರವನ್ನು ಆಕಾಶ, ಭೂಮಿ, ಪರ್ವತಗಳ ಮುಂದೆ ಇಟ್ಟಾಗ ಅವು ಅಂಜಿ ಹಿಂಜರಿದವೆಂದೂ, ಮನುಷ್ಯನು ಮಾತ್ರ ಅದನ್ನು ಹೊತ್ತುಕೊಂಡನೆಂದೂ ಅಲ್ಲಿ ಹೇಳಿದೆ. ಮನುಷ್ಯನು ಭೂಮಿಯ ಮೇಲೆ ಖಲೀಫನು, ಅಂದರೆ ಪ್ರತಿನಿಧಿಯು, ಒಡೆಯನಲ್ಲ. ಹೊಲದ ಪಟ್ಟೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಣ್ಣು ತನ್ನದೆಂದು ತಿಳಿಯುವವನೂ, ಮನೆಯ ಯಜಮಾನನೆನಿಸಿಕೊಂಡ ಮಾತ್ರಕ್ಕೆ ಹೆಂಡತಿ ಮಕ್ಕಳು ತನ್ನ ಸೊತ್ತೆಂದು ತಿಳಿಯುವವನೂ ಒಂದೇ ತಪ್ಪನ್ನು ಮಾಡುತ್ತಾರೆ. ಗೃಹಧರ್ಮವೂ ನಿಸರ್ಗಧರ್ಮವೂ ಕೂಡುವ ಸ್ಥಳವು ಇದೇ ಆಗಿದೆ.

ಮುಸಲ್ಮಾನನ ದಿನವು ನೀರಿನಿಂದಲೇ ಆರಂಭವಾಗುವದು. ನಸುಕಿನ ನಮಾಜಿಗಿಂತ ಮುಂಚೆ ಕೈ, ಬಾಯಿ, ಮೂಗು, ಮುಖ, ಮೊಳಕೈವರೆಗಿನ ತೋಳು, ಪಾದಗಳನ್ನು ತೊಳೆದು, ತಲೆಗೆ ಒದ್ದೆಗೈಯನ್ನು ಸವರಬೇಕು. ಇದಕ್ಕೆ ವುಜೂ ಎಂದು ಹೆಸರು. ದಿನಕ್ಕೆ ಐದು ಹೊತ್ತಿನ ನಮಾಜಿಗೂ ಈ ಶುದ್ಧಿಯು ಅವಶ್ಯವು. ಪ್ರವಾದಿ ಮಹಮ್ಮದ ಪೈಗಂಬರರು ಒಂದು 'ಮುದ್ದು' ನೀರಿನಲ್ಲಿ ವುಜೂವನ್ನು ಮುಗಿಸುತ್ತಿದ್ದರೆಂದು ಹದೀಸುಗಳಲ್ಲಿ ದಾಖಲಾಗಿದೆ. ಆ ಅಳತೆಯು ಮುಕ್ಕಾಲು ಲೀಟರಿಗಿಂತಲೂ ಕಡಿಮೆ. ಐದು ಹೊತ್ತಿಗೂ ಕೂಡಿ ಮೂರೂವರೆ ಲೀಟರಿನಷ್ಟಾದರೆ ಸಾಕಾಯಿತು. ತುಂಬಿ ಹರಿಯುವ ಹೊಳೆಯ ದಂಡೆಯಲ್ಲಿ ಕುಳಿತಿದ್ದರೂ ನೀರನ್ನು ಪೋಲು ಮಾಡಲಾಗದೆಂಬ ಬೋಧೆಯೂ ಅವರದೇ. ಹೀಗಿರಲು ಮಸೀದಿಯ ನಳವನ್ನು ತೆರೆದಿಟ್ಟು, ನೆರೆಯವನೊಡನೆ ಮಾತನಾಡುತ್ತ ಕೊಡಗಟ್ಟಲೆ ನೀರನ್ನು ಚರಂಡಿಗೆ ಹರಿಸುವವನು ಪುಣ್ಯದ ಕೆಲಸದಲ್ಲಿಯೇ ನಿಯಮವನ್ನು ಮುರಿಯುತ್ತಾನೆ. ಆ ನೀರನ್ನು ಎರಡು ಬೇವಿನ ಗಿಡಗಳ ಪಾತಿಗೆ ತಿರುಗಿಸಿದರೆ ನಮಾಜಿಗೆ ಬಂದವರಿಗೆ ನೆರಳಾದರೂ ಆದೀತು.

ನೀರನ್ನು ಬಳಸುವದಷ್ಟೇ ಅಲ್ಲ, ಹಂಚುವದೂ ಧರ್ಮವು. ಮದೀನೆಯಲ್ಲಿ ಒಂದು ಕಾಲುವೆಯ ನೀರಿಗಾಗಿ ಜುಬೈರ ಎಂಬವರಿಗೂ ಅವರ ಕೆಳಗಿನ ತೋಟದವನಿಗೂ ವ್ಯಾಜ್ಯವುಂಟಾಯಿತು. ಮೇಲಿನವನು ತನ್ನ ಗಿಡಗಳಿಗೆ ಹಾಯಿಸಿಕೊಂಡು ನೀರನ್ನು ಕೆಳಗಿನವನಿಗೆ ಬಿಡತಕ್ಕದ್ದೆಂದು ಪೈಗಂಬರರು ತೀರ್ಪು ಕೊಟ್ಟರು. ಕಾಲಿನ ಹರಡು ಮುಳುಗುವಷ್ಟು ನೀರು ನಿಂತ ಬಳಿಕ ತಡೆದಿಡುವ ಹಕ್ಕು ಮೇಲಿನವನಿಗಿಲ್ಲವೆಂದು ನ್ಯಾಯಶಾಸ್ತ್ರಜ್ಞರು ಇದನ್ನು ವಿವರಿಸಿದರು. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ಕೆಳಗೆ ಬಾಳುವ ಭೀಮಾತೀರದವರಿಗೆ ಈ ತೀರ್ಪಿನ ಬೆಲೆಯು ಚೆನ್ನಾಗಿ ತಿಳಿಯುವದು. 2020ರ ಅಕ್ಟೋಬರದಲ್ಲಿ ಮೇಲಿನಿಂದ ಬಿಟ್ಟ ನೀರೂ ಮಳೆಯ ನೀರೂ ಒಂದಾಗಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಳೆದಂಡೆಯ ಊರುಗಳೊಳಗೆ ನುಗ್ಗಿದವು. 2023ರಲ್ಲಿ ಮಳೆಯು ಕೈಕೊಟ್ಟು, ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಆದರೆ ಮೇಲಿನವರಿಗೆ ನ್ಯಾಯವನ್ನು ಹೇಳುವವನು ತನ್ನ ಕೆಳಗಿನವನನ್ನೂ ನೆನೆಯಬೇಕು. ಹೊಳೆಗೆ ಮೋಟಾರು ಹಚ್ಚಿ ಕಬ್ಬಿಗೆ ಹಗಲಿರುಳು ನೀರು ಹಾಯಿಸುವದರಿಂದ ಕೆಳಗಿನವನಿಗೆ ನೀರು ತಪ್ಪುವದು, ಎರೆಭೂಮಿಯೂ ಸವಳಾಗುವದು. ಹೊಳೆಯ ಮರಳನ್ನು ಬಳಿದು ಮಾರಿದರೆ ದಂಡೆಯು ಕುಸಿದು, ಭಾವಿಗಳ ನೀರು ಆಳಕ್ಕಿಳಿಯುವದು. ಇದು ಅಮಾನತ್ತಿನ ಗಂಟನ್ನು ಬಿಚ್ಚಿ ತಿಂದಂತೆಯೇ ಸರಿ.

ಇನ್ನು ಮನೆಯೊಳಗೆ ಬರುವ. ಯುನಾನಿ ವೈದ್ಯವು ಗ್ರೀಕರಿಂದ ಹುಟ್ಟಿ, ಅರಬ್ಬೀ ಪಾರಸೀ ವಿದ್ವಾಂಸರಿಂದ ಬೆಳೆದು, ದಕ್ಷಿಣದ ಹಕೀಮರ ಕೈಗೆ ಬಂದ ಶಾಸ್ತ್ರವು. ಇಬ್ನ ಸೀನಾ (980–1037) ಮುಂತಾದವರು ಇದನ್ನು ವಿಸ್ತರಿಸಿದರು. ಬಾಳುವದಕ್ಕೆ ಆರು ಅವಶ್ಯ ಕಾರಣಗಳೆಂದು ಈ ಶಾಸ್ತ್ರವು ಎಣಿಸುತ್ತದೆ: ಗಾಳಿ, ಅನ್ನ ಪಾನ, ದೇಹದ ದುಡಿಮೆ ಹಾಗೂ ವಿಶ್ರಾಂತಿ, ಮನಸ್ಸಿನ ಚಲನೆ ಹಾಗೂ ಶಾಂತಿ, ನಿದ್ರೆ ಹಾಗೂ ಎಚ್ಚರ, ಮಲಾದಿಗಳ ವಿಸರ್ಜನೆ ಹಾಗೂ ಧಾರಣೆ. ಔಷಧವು ಈ ಪಟ್ಟಿಯಲ್ಲಿ ಇಲ್ಲವೆಂಬದು ಗಮನಿಸತಕ್ಕ ಮಾತು. ಆರೂ ನೆಟ್ಟಗಿದ್ದರೆ ಮನುಷ್ಯನು ವೈದ್ಯನ ಬಾಗಿಲಿಗೆ ಹೋಗುವ ಪ್ರಸಂಗವು ವಿರಳವಾಗುವದು. ಗಾಳಿ ಎಂದರೆ ಊರ ಹೊರಗಿನ ಗಾಳಿ ಮಾತ್ರವಲ್ಲ. ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಕುಳ್ಳು ಕಟ್ಟಿಗೆಗಳ ಹೊಗೆಯನ್ನು ಕುಡಿಯುವ ತಾಯಿಯ ಗಾಳಿಯೂ ಹೌದು. ಆ ಹೊಗೆಯು ಪುಪ್ಪುಸದ ರೋಗಗಳಿಗೆ ಕಾರಣವೆಂದು ಈಗಿನ ವೈದ್ಯಶಾಸ್ತ್ರವೂ ಹೇಳುತ್ತದೆ. ವಿಸರ್ಜನೆಯ ವಿಷಯದಲ್ಲಿ ಇಸ್ಲಾಮಿನ ನಿಯಮಗಳು ಬಹು ಸ್ಪಷ್ಟವಾಗಿವೆ. ನಿಂತ ನೀರಿನಲ್ಲಿಯೂ, ಜನ ನಡೆಯುವ ದಾರಿಯಲ್ಲಿಯೂ, ದಣಿದವರು ಕೂಡ್ರುವ ನೆರಳಿನಲ್ಲಿಯೂ ಹೊಲಸು ಮಾಡಲಾಗದು. ದಾರಿಯ ಮುಳ್ಳನ್ನು ತೆಗೆದು ಒತ್ತಟ್ಟಿಗೆ ಇಡುವದೂ ದಾನವೆಂದು ಎಣಿಸಲ್ಪಟ್ಟಿದೆ.

ಊಟದ ವಿಷಯಕ್ಕೆ ಹೊಟ್ಟೆಯನ್ನು ಮೂರು ಪಾಲು ಮಾಡಬೇಕೆಂಬದು ಪೈಗಂಬರರ ಬೋಧೆ: ಒಂದು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ. ರಂಜಾನದ ಉಪವಾಸವು ಈ ಮಿತಿಯನ್ನು ಕಲಿಸುವ ಒಂದು ತಿಂಗಳ ಶಾಲೆಯು. ಹಗಲೆಲ್ಲ ಹಸಿದಿದ್ದು, ಸಂಜೆಗೆ ಎಣ್ಣೆಯ ತಿಂಡಿಗಳನ್ನು ಮಿತಿಮೀರಿ ತಿಂದು ರೋಗವನ್ನು ಬರಮಾಡಿಕೊಂಡವನು ಆ ಶಾಲೆಗೆ ಹೋಗಿಯೂ ಪಾಠವನ್ನು ಕಲಿಯಲಿಲ್ಲ. ಭೀಮಾತೀರದ ಊಟವಾದರೋ ಸಹಜವಾಗಿಯೇ ಮಿತವೂ ಹಿತವೂ ಆದದ್ದು. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾದ ಹಿಂಡಿ: ಇವು ಯಾವ ಜಾತಿಯ ಮನೆಗೂ ಮೀಸಲಾದವಲ್ಲ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ತೊಗರಿಯ ಗಿಡವು ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ತಾನು ಬೆಳೆಯುವಾಗಲೇ ಭೂಮಿಯ ಸಾಲವನ್ನಿಷ್ಟು ತೀರಿಸುತ್ತದೆ. ದೇವರು ಸೃಷ್ಟಿಯಲ್ಲಿ ಒಂದು ತಕ್ಕಡಿಯನ್ನು ಇಟ್ಟಿದ್ದಾನೆ, ಅದನ್ನು ಕೆಡಿಸಬಾರದು, ಎಂಬ ಕುರಾನಿನ ಅಭಿಪ್ರಾಯಕ್ಕೆ ಇಂಥ ಬೆಳೆಯೇ ನಿದರ್ಶನವು.

ಈ ಸಭೆಯಲ್ಲಿ ಒಂದು ಭೇದವನ್ನು ಮುಚ್ಚಿಡುವದು ಸಲ್ಲದು. ಶರಣಧರ್ಮವು ಮಾಂಸಾಹಾರವನ್ನು ಒಪ್ಪುವದಿಲ್ಲ. ಇಸ್ಲಾಮು ಅದಕ್ಕೆ ಅನುಮತಿಯನ್ನಿತ್ತಿದೆ. ಈ ಭೇದವು ಇರುವದು, ಇದ್ದೇ ಇರುವದು. ಆದರೆ ಅನುಮತಿಯು ನಿರ್ದಯತೆಗೆ ಕೊಟ್ಟ ಪರವಾನಿಗೆಯಲ್ಲ. ಪ್ರಾಣಿಗೆ ಹಸಿವಿನಿಂದ ಬಾಧೆ ಕೊಡುವದು, ಅದರ ಮುಖಕ್ಕೆ ಬರೆ ಹಾಕುವದು, ಕಟ್ಟಿ ನಿಲ್ಲಿಸಿ ಗುರಿಯಾಟವಾಡುವದು, ಅದರ ಕಣ್ಣೆದುರಿಗೆ ಕತ್ತಿಯನ್ನು ಮಸೆಯುವದು, ಇವೆಲ್ಲವೂ ನಿಷಿದ್ಧವು. ಭೂಮಿಯ ಮೇಲೆ ನಡೆಯುವ, ರೆಕ್ಕೆಯಿಂದ ಹಾರುವ ಜೀವಿಗಳೆಲ್ಲ ಮನುಷ್ಯರಂತೆಯೇ ಸಮುದಾಯಗಳೆಂದು ಕುರಾನು ಸಾರುತ್ತದೆ. ಬಾಯಾರಿದ ನಾಯಿಗೆ ಭಾವಿಯಿಂದ ನೀರು ತಂದು ಕುಡಿಸಿದವನ ಪಾಪವು ಕ್ಷಮಿಸಲ್ಪಟ್ಟಿತು. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೊಂದವಳಿಗೆ ಶಿಕ್ಷೆಯಾಯಿತು. ಪೈಗಂಬರರ ಮನೆಯಲ್ಲಿಯೇ ಎಷ್ಟೋ ದಿನಗಳು ಖರ್ಜೂರ ನೀರುಗಳಲ್ಲಿ ಕಳೆದವೆಂಬದನ್ನು ಮಾಂಸವಿಲ್ಲದೆ ಹಬ್ಬವಿಲ್ಲವೆಂದು ತಿಳಿದವರು ನೆನೆಯತಕ್ಕದ್ದು. ದಯೆಯ ವಿಷಯದಲ್ಲಿ ಎರಡೂ ಧರ್ಮಗಳ ಮಕ್ಕಳು ಪೈಪೋಟಿಯನ್ನು ಮಾಡಿದರೆ ಊರಿನ ದನಕರುಗಳಿಗೆ ಕಲ್ಯಾಣವಾದೀತು.

ಸಂಸಾರದ ಆರೋಗ್ಯವು ತಾಯಿಯ ಆರೋಗ್ಯದ ಮೇಲೆ ನಿಂತಿದೆ. ಕೂಸಿಗೆ ಪೂರ್ತಿ ಎರಡು ವರ್ಷ ಮೊಲೆಯುಣಿಸುವದನ್ನೂ, ಆ ಅವಧಿಯಲ್ಲಿ ತಾಯಿಯ ಅನ್ನ ವಸ್ತ್ರಗಳ ಭಾರವು ತಂದೆಯ ಮೇಲಿರುವದನ್ನೂ ಕುರಾನು ವಿಧಿಸಿದೆ. ಅದಕ್ಕಿಂತ ಮುಂಚೆ ಮೊಲೆ ಬಿಡಿಸಬೇಕಾದರೆ ಗಂಡಹೆಂಡಿರು ಪರಸ್ಪರ ಆಲೋಚಿಸಿ ಒಪ್ಪಬೇಕು. ಕೂಸಿನ ವಿಷಯದಲ್ಲಿ ತಾಯಿಯ ಮಾತಿಗೆ ತೂಕವಿದೆಯೆಂದು ಇದರ ಅರ್ಥವು. ಮನೆಯವರಿಗೆ ಒಳ್ಳೆಯವನಾದವನೇ ಜನರಲ್ಲಿ ಒಳ್ಳೆಯವನೆಂದು ಪೈಗಂಬರರು ಬೋಧಿಸಿದರು. ಮನೆಗೆಲಸಕ್ಕೆ ತಾವೇ ಕೈ ಹಚ್ಚುತ್ತಿದ್ದರು. ಬೇಸಿಗೆಯಲ್ಲಿ ಬಿಸಿಲು 40 ಅಂಶವನ್ನು ಮೀರುವ ಈ ಸೀಮೆಯಲ್ಲಿ ಹೆಂಡತಿಯು ಮೂರು ಕೊಡ ಹೊತ್ತು ತರುವಾಗ ಗಂಡನು ಕಟ್ಟೆಯ ಮೇಲೆ ಕುಳಿತು ಧರ್ಮವನ್ನು ಚರ್ಚಿಸುವದು ಯಾವ ಧರ್ಮದಲ್ಲಿಯೂ ಇಲ್ಲ. ಮಗಳ ಒಪ್ಪಿಗೆಯಿಲ್ಲದೆ ನಿಕಾಹವು ಸಲ್ಲದು; ಮೆಹರು ಗಂಡಿನ ಕಡೆಯಿಂದ ಹೆಣ್ಣಿಗೆ ಸಲ್ಲತಕ್ಕದ್ದು. ಇದನ್ನು ಮರೆತು ವರೋಪಚಾರದ ಹೆಸರಿನಿಂದ ಹೊಲ ಮನೆಗಳನ್ನು ಒತ್ತೆಯಿಡುವ ಪದ್ಧತಿಯು ಮುಸಲ್ಮಾನರಲ್ಲಿಯೂ ಸೇರಿಕೊಂಡಿದೆ. ಆ ಸಾಲದ ಚಿಂತೆಯೇ ಎಷ್ಟೋ ಮನೆಗಳಲ್ಲಿ ರೋಗದ ಮೂಲವು. ಯುನಾನಿ ಶಾಸ್ತ್ರವು ಮನಃಶಾಂತಿಯನ್ನು ಆರು ಕಾರಣಗಳಲ್ಲಿ ಒಂದೆಂದು ಎಣಿಸಿದ್ದು ಸುಮ್ಮನಲ್ಲ.

ಒಂದು ಮನೆಯ ರೋಗವು ಊರಿನ ರೋಗವಾಗುವ ಕಾಲವೂ ಬರುವದು. ಸಾಂಕ್ರಾಮಿಕವಿದ್ದ ಊರಿಗೆ ಹೋಗಬಾರದು, ಇದ್ದ ಊರಿನಿಂದ ಓಡಿಹೋಗಬಾರದು, ಎಂದು ಪೈಗಂಬರರು ಏಳನೆಯ ಶತಮಾನದಲ್ಲಿಯೇ ಕಟ್ಟಪ್ಪಣೆ ಮಾಡಿದ್ದರು. 2020ರ ಮಾರ್ಚದಲ್ಲಿ ದೇಶದ ಮೊದಲ ಕೋವಿಡ ಮರಣವು ಕಲಬುರಗಿ ಜಿಲ್ಲೆಯದೆಂದು ದಾಖಲಾದಾಗ ಈ ಮಾತಿನ ಅರ್ಥವು ಮನೆಮನೆಗೂ ತಿಳಿಯಿತು. ಮಸೀದಿಗಳಲ್ಲಿ ಶುಕ್ರವಾರದ ಸಾಮೂಹಿಕ ನಮಾಜು ನಿಂತಿತು; ರಂಜಾನದ ಪ್ರಾರ್ಥನೆಗಳು ಮನೆಯಲ್ಲಿಯೇ ನಡೆದವು. ಪ್ರಾಣರಕ್ಷಣೆಯು ಧರ್ಮದ ಉದ್ದೇಶಗಳಲ್ಲಿ ಒಂದಾದ್ದರಿಂದ ಇದು ಧರ್ಮಲೋಪವಾಗಲಿಲ್ಲ.

ಹೊಲದ ರಾಶಿಯ ಮಾತನ್ನೂ ಹೇಳತಕ್ಕದ್ದು. ಮಳೆಯಿಂದ ಬೆಳೆದ ಪೈರಿನಲ್ಲಿ ಹತ್ತರಲ್ಲೊಂದು ಪಾಲನ್ನೂ, ಎತ್ತಿ ಹಾಯಿಸಿದ ನೀರಿನಿಂದ ಬೆಳೆದದ್ದರಲ್ಲಿ ಇಪ್ಪತ್ತರಲ್ಲೊಂದು ಪಾಲನ್ನೂ ಬಡವರಿಗೆ ಕೊಡಬೇಕೆಂದು ಇಸ್ಲಾಮಿನ ವಿಧಿಯಿದೆ. ಆಕಾಶವು ಹೆಚ್ಚು ಕೊಟ್ಟಲ್ಲಿ ಮನುಷ್ಯನೂ ಹೆಚ್ಚು ಕೊಡಬೇಕು. ಬೆವರು ಹೆಚ್ಚಾದಲ್ಲಿ ಕಡಿಮೆ ಕೊಟ್ಟರೂ ಸರಿ. ಗಿಡವನ್ನು ನೆಟ್ಟವನಿಗೆ ಅದರ ಫಲವನ್ನು ಮನುಷ್ಯನು ತಿಂದರೂ, ಹಕ್ಕಿ ತಿಂದರೂ, ದನ ತಿಂದರೂ ದಾನದ ಪುಣ್ಯವುಂಟು. ಪ್ರಳಯದ ಗಳಿಗೆಯೇ ಬಂದರೂ ಕೈಯಲ್ಲಿಯ ಸಸಿಯನ್ನು ನೆಟ್ಟೇ ಬಿಡಬೇಕೆಂಬ ಬೋಧೆಯು ಪ್ರಸಿದ್ಧವಾದದ್ದು.

ಈ ತತ್ವಗಳು ಗ್ರಂಥಗಳಲ್ಲಿಯೇ ಉಳಿದವೆಂದು ತಿಳಿಯಲಾಗದು. ಬೀದರದಲ್ಲಿ ಬಹಮನಿ ಅರಸರ ಕಾಲಕ್ಕೆ, 15ನೆಯ ಶತಮಾನದಲ್ಲಿ, ನೆಲದೊಳಗೆ ಸುರಂಗವನ್ನು ಕೊರೆದು ಅಂತರ್ಜಲವನ್ನು ಇಳಿಜಾರಿನಿಂದಲೇ ಹರಿಸಿ ತಂದರು. ಪಾರಸೀ ವಿದ್ಯೆಯಿಂದ ಬಂದ ಈ ಕರೇಜಿಗೆ ಎತ್ತು ಬೇಡ, ಯಂತ್ರ ಬೇಡ. ಬಿಸಿಲಿಗೆ ನೀರು ಆರುವ ಭಯವೂ ಇಲ್ಲ. ಆದರೆ ಅದರ ಬಾಯಿಗಳಲ್ಲಿ ಕಸ ಹೂಳುಗಳನ್ನು ತುಂಬಲು ಬಿಟ್ಟದ್ದು ಅನಂತರದವರ ಅಲಕ್ಷ್ಯವು. ಹಿರಿಯರು ಅಮಾನತ್ತನ್ನು ಒಪ್ಪಿಸಿಹೋದರು, ಕಿರಿಯರು ಕಾಯಲಿಲ್ಲ.

1422ರಲ್ಲಿ ಕಲಬುರಗಿಯಲ್ಲಿ ದೇಹವನ್ನಿಟ್ಟ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಸರ್ವ ಜಾತಿಯವರೂ ನಡೆದುಕೊಳ್ಳುವರು. ಗೋವಿಂದ ಭಟ್ಟರ ಶಿಷ್ಯರಾದ ಶಿಶುನಾಳ ಶರೀಫರು (1819–1889) ಸೋರುವ ಮನೆಯ ಮಾಳಿಗೆಯನ್ನು ಮನುಷ್ಯನ ಅಜ್ಞಾನಕ್ಕೆ ಹೋಲಿಸಿ ಕನ್ನಡದಲ್ಲಿ ಹಾಡಿದರು. ಮಾಳಿಗೆಯು ಸೋರಿದರೆ ಒಳಗಿರುವವರೆಲ್ಲರೂ ತೋಯುವರು. ಮಲಗಿದ ಮೂಲೆಯು ಬೇರೆಯೆಂದು ಯಾರೂ ಉಳಿಯಲಾರರು. ಹೊಳೆ, ಹೊಲ, ಗಾಳಿಗಳೂ ಅಂಥದೇ ಒಂದು ಮಾಳಿಗೆಯು.

ಆದಕಾರಣ ಮಣ್ಣೂರ ಮೊದಲಾದ ಭೀಮಾತೀರದ ಗ್ರಾಮಗಳಲ್ಲಿ ಮಠದವರೂ ಮಸೀದಿಯವರೂ ಕೂಡಿ ಮಾಡತಕ್ಕ ಕೆಲಸಗಳು ಕೆಲವಿವೆ. ಚರಂಡಿಯ ನೀರು ಹೊಳೆಗೆ ಸೇರದಂತೆ ತಡೆಯುವದು. ವುಜೂವಿನ ನೀರನ್ನೂ ದಾಸೋಹದ ಪಾತ್ರೆ ತೊಳೆದ ನೀರನ್ನೂ ಗಿಡಗಳಿಗೆ ತಿರುಗಿಸುವದು. ಜಾತ್ರೆ ಉರುಸುಗಳ ಮರುದಿನ ದಂಡೆಯನ್ನು ಗುಡಿಸುವದು. ಆಡಂಬರದ ಮದುವೆಗೆ ಗುರುಗಳೂ ಮೌಲವಿಗಳೂ ಹೋಗದಿರುವದು. ಇವುಗಳಿಗೆ ಹೆಚ್ಚಿನ ಹಣವು ಬೇಡ, ಮನಸ್ಸು ಬೇಕು. ಈ ಮಹೋತ್ಸವದ ನೆನಪಿಗೆ ಇವುಗಳಲ್ಲಿ ಒಂದಾದರೂ ಈ ವರ್ಷದಲ್ಲಿ ಆರಂಭವಾಗಲಿ. ಮನೆಮನೆಗಳಲ್ಲಿ ಆರೋಗ್ಯವೂ, ಹೊಳೆಯಲ್ಲಿ ತಿಳಿನೀರೂ, ಜನರಲ್ಲಿ ಸ್ನೇಹವೂ ನೆಲೆಗೊಳ್ಳಲಿ.