ಹೆರಾಲ್ಡಿನ ಹಿಂದಿನ ಆಕ್ಸಲ್



ನೇತ್ರಾವತಿಯ ದಡದ ಬೋಳಾರ ಹೆಂಚಿನ ಕಾರ್ಖಾನೆಗಳಿಗೆ ಹೆಸರಾದ ಜಾಗ. ಮಳೆ, ಕೆಂಪು ಕೆಸರು, ಉಪ್ಪುಗಾಳಿ – ಇಲ್ಲಿ ಕಬ್ಬಿಣಕ್ಕೆ ವೈರಿಗಳು ಮೂರು. ಇಂಥಲ್ಲಿ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಉಳಿಸಿಕೊಂಡವರು ಒಂದಲ್ಲ ಒಂದು ದಿನ ಅದರ ಹಿಂದಿನ ಆಕ್ಸಲ್ ಬಿಚ್ಚಲೇಬೇಕು.

ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ತಯಾರಾಯಿತು. ಮರುವರ್ಷ ಇಂಗ್ಲೆಂಡಿನಲ್ಲಿ ಹೊರಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನ ಹಿಂಬದಿಯೂ ಇದೇ ಬಗೆಯದು. ಅಂಬಾಸಿಡರ್, ಫಿಯಟ್‌ಗಳಲ್ಲಿ ಎರಡು ಹಿಂಚಕ್ರಗಳನ್ನು ಗಟ್ಟಿಯಾದ ಒಂದೇ ಆಕ್ಸಲ್ ಜೋಡಿಸುತ್ತಿತ್ತು. ಹೆರಾಲ್ಡಿನಲ್ಲಿ ಒಂದೊಂದು ಚಕ್ರಕ್ಕೆ ಒಂದೊಂದು ಶಾಫ್ಟ್. ಡಿಫರೆನ್ಷಿಯಲ್ ಮೇಲೆ ಅಡ್ಡಲಾಗಿ ಕೂತ ಒಂದೇ ಕಮಾನ್ ಪಟ್ಟಿ. ಕಾರಿನ ತುಂಬ ಜನ ಕೂತರೆ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ, ಟೈರಿನ ಒಳಅಂಚು ಸವೆಯುತ್ತದೆ. ತಿರುವಿನಲ್ಲಿ ವೇಗ ಮಿತಿಮೀರಿದರೆ ಹೊರಬದಿಯ ಚಕ್ರ ಅಡಿಗೆ ಮಡಚಿಕೊಳ್ಳುವ ಭಯವೂ ಉಂಟು.

ಬಿಚ್ಚುವ ಕೆಲಸದಲ್ಲಿ ಮೊದಲ ಎಚ್ಚರ ಪಟ್ಟಿಯ ಬಿಗಿತದ್ದು. ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಹಬ್‌ನ ಅಡಿಗೆ ಜಾಕ್ ಕೊಟ್ಟು, ಆಮೇಲೆ ಶಾಕ್ ಅಬ್ಸಾರ್ಬರ್ ಬಿಚ್ಚಿ, ಜಾಕನ್ನು ನಿಧಾನವಾಗಿ ಇಳಿಸಬೇಕು. ನಂತರ ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಡಿಫರೆನ್ಷಿಯಲ್ ಬದಿಯ ನಾಲ್ಕು ಬೋಲ್ಟು, ಪಟ್ಟಿಯ ತುದಿಯ ಬೋಲ್ಟು. ಕಷ್ಟವಿರುವುದು ಹಬ್ ಕಳಚುವಲ್ಲಿ. ಮೊನಚಾದ ಶಾಫ್ಟಿನ ಮೇಲೆ ಅದು ವರ್ಷಗಟ್ಟಲೆ ಬಿಗಿದುಕೊಂಡಿರುತ್ತದೆ. ಸುತ್ತಿಗೆಯಿಂದ ಬಡಿದರೆ ಹಬ್ ಸೊಟ್ಟಾಗುತ್ತದೆ. ಅದಕ್ಕೆಂದೇ ಮಾಡಿದ ಭಾರಿ ಪುಲ್ಲರ್ ಬೇಕು.

ಒಳಗಿನ ಸೂಜಿ ಬೇರಿಂಗ್ ನೇರವಾಗಿ ಶಾಫ್ಟಿನ ಮೇಲೆಯೇ ಉರುಳುತ್ತದೆ. ಗ್ರೀಸ್ ಆರಿ ನೀರು ಸೇರಿದರೆ ಶಾಫ್ಟಿನಲ್ಲಿ ಗೀರು ಬೀಳುತ್ತದೆ. ಆಗ ಬೇರಿಂಗ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಶಾಫ್ಟನ್ನೂ ಬದಲಿಸಬೇಕು. ದುಡ್ಡು ಉಳಿಯಿತೆಂದು ಹಳೆಯದನ್ನೇ ಹಾಕಿದ ಶಾಫ್ಟ್ ದಾರಿಯಲ್ಲಿ ಮುರಿದರೆ ಚಕ್ರವೇ ಕಳಚಿಹೋಗುವ ಅಪಾಯವಿದೆ. ಮರುಜೋಡಣೆಯಲ್ಲಿ ಪಟ್ಟಿಯ ತುದಿಯ ಬೋಲ್ಟನ್ನು ಕೊನೆಯ ಸುತ್ತು ಬಿಗಿಯುವುದು ಕಾರು ತನ್ನ ಚಕ್ರಗಳ ಮೇಲೆ ನಿಂತ ಬಳಿಕ. ಮೊದಲೇ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಕಮಾನ್ ಪಟ್ಟಿಯ ವಿದ್ಯೆ ಮಂಗಳೂರಿಗೆ ಹೊಸತಲ್ಲ. ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವರು ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ವಾಹನಗಳ ಸ್ಪ್ರಿಂಗ್‌ಗಳಿಗೆ ಹೆಸರಾಗಿತ್ತು.

1972ರಲ್ಲಿ ಹೆರಾಲ್ಡಿನ ಜಾಗಕ್ಕೆ ಬಂದ ಗೆಜೆಲ್ ಗಟ್ಟಿ ಆಕ್ಸಲಿಗೇ ಮರಳಿತು. ನಮ್ಮ ರಸ್ತೆಗಳಿಗೆ ಜಾಣ ವಿನ್ಯಾಸಕ್ಕಿಂತ ತಾಳಿಕೆಯ ವಿನ್ಯಾಸವೇ ಒಗ್ಗಿತು. ಹೆರಾಲ್ಡನ್ನು ಇಂದಿಗೂ ಓಡಿಸುವವರಿಗೆ ಆ ತಾಳಿಕೆ ಸಿಗುವುದು ಗ್ರೀಸ್ ಗನ್ನಿನಿಂದ, ಪ್ರತಿ ಮಳೆಗಾಲಕ್ಕೆ ಮುಂಚೆ.