ನೂಲು ಬಿಚ್ಚಿದ ಮೇಲೆ ಉಳಿಯುವ ಹುಳು



ಕೋಳಿ ಆಹಾರಕ್ಕೆ ಹುಳುವಿನ ಪುಡಿ ಬೆರೆಸುವುದು ಹೊಸ ವಿದ್ಯೆ ಎಂಬಂತೆ ಈಗ ಮಾತಾಡುತ್ತಾರೆ. ತಿಪ್ಪೆ ಕೆದಕುವ ನಾಟಿಕೋಳಿ ಕೇಳಿದರೆ ನಕ್ಕೀತು. ನಮ್ಮ ಚಾಮರಾಜನಗರದಲ್ಲಿ ಈ ಕಥೆಗೆ ರೇಷ್ಮೆಯ ನಂಟಿದೆ.

ಮೈಸೂರು ಸೀಮೆಯಲ್ಲಿ ರೇಷ್ಮೆ ಬೇಸಾಯ ಬೇರೂರಿದ್ದು 18ನೇ ಶತಮಾನದ ಕೊನೆಯಲ್ಲಿ, ಟಿಪ್ಪುವಿನ ಕಾಲಕ್ಕೆ. ಈಗ ನಮ್ಮ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗ. ಮದ್ರಾಸು ಪ್ರಾಂತ್ಯದ ರೇಷ್ಮೆಗೆ ಅದೇ ದೊಡ್ಡ ನೆಲೆಯಾಗಿತ್ತು. ಚಾಮರಾಜನಗರ, ಸಂತೇಮರಹಳ್ಳಿ, ಮಾಂಬಳ್ಳಿಗಳಲ್ಲಿ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಗಳಾದ ಫಿಲೇಚರ್‌ಗಳೂ ಬಂದವು. ಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಬೇಸಿನ್ನಿನಲ್ಲಿ ಉಳಿಯುವುದೇ ಕಂದು ಹುಳು, ಅಂದರೆ ಪ್ಯೂಪಾ. 100 ಕಿಲೋ ಹಸಿಗೂಡಿನಲ್ಲಿ 80 ಕಿಲೋದಷ್ಟು ತೂಕ ಅದರದೇ. ಒಣಗಿದರೆ ಸುಮಾರು 20 ಕಿಲೋ. ರೇಷ್ಮೆ ಸೀರೆಯ ವೈಭವ ಹೇಳುವವರು ಈ 20 ಕಿಲೋ ಮರೆತೇಬಿಡುತ್ತಾರೆ.

ಒಣ ಹುಳುವಿನಲ್ಲಿ ಅರ್ಧದಷ್ಟು ಪ್ರೋಟೀನು. ಎಣ್ಣೆ ತೆಗೆದರೆ ಅದು ಶೇಕಡಾ 65 ದಾಟುತ್ತದೆ. ಸೋಯಾ ಹಿಂಡಿಯಲ್ಲಿರುವುದು 45ರ ಆಸುಪಾಸು. ಮುಸುಕಿನ ಜೋಳದಲ್ಲಿ ಕೊರತೆಯಾಗುವ ಲೈಸೀನ್ ಎಂಬ ಅಮೈನೋ ಆಮ್ಲ ಇದರಲ್ಲಿ ಧಾರಾಳ. ಮೀನಿನ ಪುಡಿಯ ಬದಲಿಗೆ ಇದನ್ನು ಕೊಟ್ಟು ನೋಡಿದ ಪ್ರಯೋಗಗಳು ನಮ್ಮ ದೇಶದಲ್ಲಿ ದಶಕಗಳಿಂದ ನಡೆದಿವೆ.

ಹಾಗಾದರೆ ಕೋಳಿ ಫಾರಂಗಳು ಇದನ್ನೇ ಏಕೆ ನೆಚ್ಚಲಿಲ್ಲ? ಆ ಎಣ್ಣೆಯ ದೆಸೆಯಿಂದ. ಹುಳುವಿನ ಕಾಲುಭಾಗಕ್ಕೂ ಹೆಚ್ಚು ಕೊಬ್ಬು. ಗಾಳಿ ತಾಗಿದರೆ ಬೇಗ ಮುಗ್ಗುತ್ತದೆ. ಮೋಡ ಕವಿದ ದಿನ ಅಂಗಳದಲ್ಲಿ ಹರವಿದ ಹುಳುವಿನ ನಾತ ರೀಲಿಂಗ್ ಕೇರಿಯವರಿಗೆ ಗೊತ್ತು. ಅಂಥದ್ದನ್ನು ಹೆಚ್ಚು ತಿನ್ನಿಸಿದರೆ ಮೊಟ್ಟೆ, ಮಾಂಸಕ್ಕೂ ವಾಸನೆ ಇಳಿಯುತ್ತದೆ. ಅಷ್ಟರಲ್ಲಿ ಮಧ್ಯಪ್ರದೇಶ, ಮಹಾರಾಷ್ಟ್ರದ ಸೋಯಾ ಹಿಂಡಿ ವರ್ಷವಿಡೀ ಒಂದೇ ಹದದಲ್ಲಿ ಸಿಗತೊಡಗಿತು.

ಸೋಯಾ ಕೈಕೊಟ್ಟ ವರ್ಷವೂ ಬಂತು. 2021ರಲ್ಲಿ ಬೆಲೆ ಗಗನಕ್ಕೇರಿ, ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಯುರೋಪಿನ ಒಕ್ಕೂಟ ಕೋಳಿ, ಹಂದಿಗಳ ಆಹಾರಕ್ಕೆ ಕೀಟಗಳ ಪ್ರೋಟೀನನ್ನು ಅನುಮತಿಸಿತು. ಹುಚ್ಚು ಹಸು ರೋಗದ ಭಯದಲ್ಲಿ 2001ರಿಂದ ಅಲ್ಲಿ ಇಂಥ ಪ್ರೋಟೀನಿಗೆ ನಿಷೇಧವಿತ್ತು. ಅಲ್ಲಿನವರು ನೆಚ್ಚಿರುವುದು ಮುಖ್ಯವಾಗಿ ಕಪ್ಪು ಸೈನಿಕ ನೊಣದ ಮರಿಹುಳುಗಳನ್ನು. ಕೊಳೆತ ತರಕಾರಿಯೇ ಅವಕ್ಕೆ ಮೇವಾದೀತು. ಬೆಲೆ ಬಿದ್ದಾಗ ಗುಂಡ್ಲುಪೇಟೆಯ ಕಡೆ ರಸ್ತೆ ಬದಿಗೆ ಸುರಿಯುವ ಟೊಮೇಟೊ ನೆನೆದರೆ ಆಸೆ ಹುಟ್ಟುತ್ತದೆ, ನಿಜ. ಆದರೆ ನೊಣ ಸಾಕಲು ಶೆಡ್ಡು, ಶಾಖ, ಆಳು ಬೇಕು. ರೇಷ್ಮೆಹುಳುವನ್ನೋ ರೈತ ಈಗಾಗಲೇ ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕಿದ್ದಾನೆ. ಅದಕ್ಕೆ ಬೇಕಿರುವುದು ಬೇಸಿನ್ನಿನಿಂದ ತೆಗೆದ ದಿನವೇ ಒಣಗಿಸುವ ಯಂತ್ರ, ಎಣ್ಣೆ ತೆಗೆಯುವ ಒಂದು ಘಟಕ. ಆ ಎಣ್ಣೆಗೂ ಸಾಬೂನು ತಯಾರಿಕೆಯಲ್ಲಿ ಗಿರಾಕಿಯುಂಟು.